ಪರೀಕ್ಷೆಗೊಳಗಾಗಬೇಕಾದ ಶಾಲೆ

ನನ್ನ ಬಂಧುಗಳೊಬ್ಬರ ಮಗಳನ್ನು ಒಂದನೆಯ ತರಗತಿಗೆ ಸೇರಿಸಲು ಹೋದ ದಿನ ನಾನೂ ಜೊತೆಗಿದ್ದೆ. ಹಣೆಯ ಬೆವರನ್ನು ಒರಸಿಕೊಳ್ಳುವುದಕ್ಕೂ ಬಿಡುವು ಕೊಡದೆ, ಮೇಜಿನ ಆಚೆಗೆ ಕುಳಿತಿದ್ದವರು ಚಿತ್ರಗಳ ಪುಸ್ತಕವೊಂದನ್ನು ತೆರೆದು, ಒಂದೊಂದೇ ಪ್ರಾಣಿಯ ಹೆಸರನ್ನು ಇಂಗ್ಲಿಷಿನಲ್ಲಿ ಕೇಳತೊಡಗಿದರು. ಮನೆಯಲ್ಲಿ ಮೊಲವನ್ನು ಮೊಲವೆಂದೇ ಕರೆದು ಬಲ್ಲ ಆ ಆರು ವರ್ಷದ ಹುಡುಗಿ, ಏನೋ ಅಪರಾಧ ಮಾಡಿದವಳಂತೆ ತಾಯಿಯ ಮುಖವನ್ನು ನೋಡಿದಳು. ಅನಂತರ ತಂದೆಯ ವಿದ್ಯಾರ್ಹತೆಯನ್ನೂ ಸಂಬಳವನ್ನೂ ವಿಚಾರಿಸಿದರು. ಆ ಶಾಲೆಯನ್ನು ಕುರಿತು ಒಂದು ಪ್ರಶ್ನೆಯನ್ನಾದರೂ ಕೇಳಬೇಕೆಂಬುದು ನಮ್ಮಲ್ಲಿ ಯಾರಿಗೂ ತೋಚಲಿಲ್ಲ. ಕಾನೂನಿನ ದೃಷ್ಟಿಯಿಂದ ಅಲ್ಲಿ ನಡೆದುದೆಲ್ಲವೂ ತಲೆಕೆಳಗಾಗಿತ್ತೆಂಬುದನ್ನು ನಾನು ಅರಿತದ್ದು ತರುವಾಯ.

2002ರ ಎಂಬತ್ತಾರನೆಯ ತಿದ್ದುಪಡಿಯಿಂದ ಸಂವಿಧಾನವನ್ನು ಸೇರಿದ 21ಎ ವಿಧಿಯು, ಆರರಿಂದ ಹದಿನಾಲ್ಕು ವಯಸ್ಸಿನ ಎಲ್ಲ ಮಕ್ಕಳಿಗೂ ಉಚಿತವೂ ಕಡ್ಡಾಯವೂ ಆದ ಶಿಕ್ಷಣವನ್ನು ಮೂಲಭೂತ ಹಕ್ಕನ್ನಾಗಿ ಮಾಡಿತು. ಅದನ್ನು ಕಾರ್ಯರೂಪಕ್ಕೆ ತರುವುದಕ್ಕಾಗಿ ರಚಿತವಾದ 2009ರ ಶಿಕ್ಷಣ ಹಕ್ಕು ಅಧಿನಿಯಮವು 2010ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ. ಈ ಅಧಿನಿಯಮದ 13ನೆಯ ಪ್ರಕರಣದ ಪ್ರಕಾರ, ಪ್ರವೇಶದ ಸಮಯದಲ್ಲಿ ಮಗುವನ್ನಾಗಲಿ ತಂದೆತಾಯಿಗಳನ್ನಾಗಲಿ ಪರೀಕ್ಷೆಗೋ ಸಂದರ್ಶನಕ್ಕೋ ಗುರಿಪಡಿಸಿ ಆರಿಸುವುದು ನಿಷಿದ್ಧ. ಮೊದಲ ಸಲದ ಉಲ್ಲಂಘನೆಗೆ 25,000 ರೂಪಾಯಿಗಳವರೆಗೂ, ಆಮೇಲಿನ ಒಂದೊಂದಕ್ಕೂ 50,000 ರೂಪಾಯಿಗಳವರೆಗೂ ದಂಡವುಂಟು. ಶಾಲೆಯು ಪ್ರಕಟಿಸಿರುವ ಶುಲ್ಕವನ್ನು ಮೀರಿ, ಡೊನೇಷನ್, ಕಟ್ಟಡನಿಧಿ ಎಂಬಿತ್ಯಾದಿ ಯಾವ ಹೆಸರಿನಿಂದ ಹಣವನ್ನು ಕೇಳಿದರೂ ಅದು ಕ್ಯಾಪಿಟೇಷನ್ ಶುಲ್ಕವೇ ಆಗಿ, ತೆಗೆದುಕೊಂಡ ಮೊತ್ತದ ಹತ್ತು ಪಟ್ಟಿನವರೆಗೆ ದಂಡಕ್ಕೆ ಕಾರಣವಾಗುತ್ತದೆ. ಆದುದರಿಂದ ಪ್ರಕಟಿತ ಶುಲ್ಕದ ಪಟ್ಟಿಯನ್ನು ಮೊದಲು ಕೇಳಿ ಪಡೆದು, ಕೊಟ್ಟ ಪ್ರತಿಯೊಂದು ರೂಪಾಯಿಗೂ ರಸೀದಿಯನ್ನು ತೆಗೆದುಕೊಳ್ಳತಕ್ಕದ್ದು. ಜನನ ಪ್ರಮಾಣಪತ್ರವಿಲ್ಲವೆಂಬ ಒಂದೇ ಕಾರಣದಿಂದ ಮಗುವನ್ನು ಹಿಂದಕ್ಕೆ ಕಳುಹಿಸುವಂತೆಯೂ ಇಲ್ಲ. ಅಲ್ಪಸಂಖ್ಯಾತ ಸಂಸ್ಥೆಗಳ ಶಾಲೆಗಳಿಗೆ ಈ ಅಧಿನಿಯಮವು ಅನ್ವಯಿಸದೆಂದು ಸರ್ವೋಚ್ಚ ನ್ಯಾಯಾಲಯವು 2014ರಲ್ಲಿ ತೀರ್ಪಿತ್ತಿರುವುದನ್ನು ಮಾತ್ರ ನೆನಪಿನಲ್ಲಿಡಬೇಕು.

ಇವೆಲ್ಲಕ್ಕಿಂತ ಮಿಗಿಲಾಗಿ ತಂದೆತಾಯಿಗಳು ಕಣ್ಣಾರೆ ನೋಡಬೇಕಾದ ಕಾಗದವೊಂದುಂಟು: ಶಾಲೆಯ ಮಾನ್ಯತೆಯ ಆದೇಶ. ನಮ್ಮ ಪರಿಚಿತರೊಬ್ಬರ ಮಗ ಏಳನೆಯ ತರಗತಿಯನ್ನು ಮುಗಿಸಿ ಟಿ.ಸಿ. ಪಡೆದಾಗ, ಆ ಪತ್ರವನ್ನು ನಾನು ಕೈಯಲ್ಲಿ ಹಿಡಿದು ನೋಡಿದೆ. ಅದರ ನೆತ್ತಿಯ ಮೇಲೆ ಅಚ್ಚಾಗಿದ್ದುದು ಆ ಹುಡುಗ ಒಂದು ದಿನವೂ ಕಾಲಿಡದ, ಐದಾರು ಮೈಲಿ ದೂರದ ಇನ್ನೊಂದು ಶಾಲೆಯ ಹೆಸರು. ಅವನು ಓದಿದ ಶಾಲೆಗೆ ಐದನೆಯ ತರಗತಿಯವರೆಗೆ ಮಾತ್ರ ಮಾನ್ಯತೆಯಿದ್ದು, ಮೇಲಿನ ತರಗತಿಗಳ ಮಕ್ಕಳ ಹೆಸರುಗಳನ್ನು ಬೇರೊಂದು ಶಾಲೆಯ ದಾಖಲಾತಿ ಪುಸ್ತಕದಲ್ಲಿ ಬರೆಯಿಸಲಾಗಿತ್ತು. ವರ್ಷವರ್ಷವೂ ಹೊಟ್ಟೆಬಟ್ಟೆ ಕಟ್ಟಿ ಶುಲ್ಕ ತೆತ್ತ ಆ ತಂದೆ ಅಂದು ಮಾತಿಲ್ಲದೆ ಕುಳಿತಿದ್ದುದನ್ನು ನಾನು ಮರೆಯಲಾರೆ.

ಮಾನ್ಯತೆಯಿಲ್ಲದೆ ಶಾಲೆ ನಡೆಸುವುದು 18ನೆಯ ಪ್ರಕರಣದ ಮೇರೆಗೆ ಒಂದು ಲಕ್ಷ ರೂಪಾಯಿಗಳವರೆಗಿನ ದಂಡಕ್ಕೂ, ಮುಂದುವರಿದರೆ ದಿನಕ್ಕೆ 10,000 ರೂಪಾಯಿಗಳವರೆಗಿನ ದಂಡಕ್ಕೂ ಅರ್ಹವಾದ ಅಪರಾಧ. ಆದರೆ ಮಾನ್ಯತೆಯಿದೆ ಎಂಬ ಬಾಯಿಮಾತಿನಿಂದ ತೃಪ್ತರಾಗದೆ, ಆ ಆದೇಶದಲ್ಲಿ ಯಾವ ತರಗತಿಯಿಂದ ಯಾವ ತರಗತಿಯವರೆಗೆ, ಯಾವ ಮಾಧ್ಯಮದಲ್ಲಿ, ಯಾವ ವಿಳಾಸದ ಕಟ್ಟಡದಲ್ಲಿ, ಯಾವ ವರ್ಷದವರೆಗೆ ಎಂಬ ನಾಲ್ಕು ಅಂಶಗಳನ್ನು ಓದಿ ನೋಡಬೇಕು. ಫ್ಲೆಕ್ಸಿನ ಮೇಲೆ ಸಿ.ಬಿ.ಎಸ್.ಇ. ಪಠ್ಯಕ್ರಮವೆಂದು ಬರೆಸುವುದು ಬೇರೆ, ಆ ಮಂಡಳಿಯ ಸಂಯೋಜನೆಯನ್ನು ಪಡೆದಿರುವುದು ಬೇರೆ. ಸಂಯೋಜನೆಯ ಸಂಖ್ಯೆಯನ್ನು ಕೇಳಿ, ಮಂಡಳಿಯ ಪಟ್ಟಿಯೊಡನೆ ತಾಳೆ ನೋಡುವುದಕ್ಕೆ ಐದು ನಿಮಿಷ ಸಾಕು. ಶಾಲೆಯವರು ಆದೇಶವನ್ನು ತೋರಿಸಲು ಹಿಂಜರಿದರೆ, ಅದರ ಪ್ರತಿ ಕ್ಷೇತ್ರ ಶಿಕ್ಷಣಾಧಿಕಾರಿಗಳ ಕಚೇರಿಯ ಕಡತದಲ್ಲಿರತಕ್ಕದ್ದಾದುದರಿಂದ, 2005ರ ಮಾಹಿತಿ ಹಕ್ಕು ಅಧಿನಿಯಮದಂತೆ 10 ರೂಪಾಯಿ ಶುಲ್ಕದೊಡನೆ ಅಲ್ಲಿಗೆ ಅರ್ಜಿ ಸಲ್ಲಿಸಬಹುದು. ಮೂವತ್ತು ದಿನಗಳೊಳಗೆ ಉತ್ತರ ಬರತಕ್ಕದ್ದು.

ಕಟ್ಟಡದ ವಿಷಯದಲ್ಲಿ ಗಾಜಿನ ಬಾಗಿಲಿಗಿಂತ ಶೌಚಾಲಯವನ್ನು ನೋಡುವುದು ಮೇಲು. ಗಂಡುಹೆಣ್ಣು ಮಕ್ಕಳಿಗೆ ಪ್ರತ್ಯೇಕ ಶೌಚಾಲಯ, ಕುಡಿಯುವ ನೀರು, ಆಟದ ಬಯಲು, ಗ್ರಂಥಾಲಯ ಇವೆಲ್ಲವೂ ಶಿಕ್ಷಣ ಹಕ್ಕು ಅಧಿನಿಯಮದ ಅನುಸೂಚಿಯಲ್ಲಿಯೇ ಉಕ್ತವಾಗಿವೆ. ಕಟ್ಟಡದಷ್ಟೇ ಅದರೊಳಗಿನ ನಡವಳಿಕೆಯನ್ನೂ ಗಮನಿಸಬೇಕು: ಮಗುವನ್ನು ಹೊಡೆಯುವುದೂ ಮಾನಸಿಕವಾಗಿ ಹಿಂಸಿಸುವುದೂ ಅದೇ ಅಧಿನಿಯಮದ 17ನೆಯ ಪ್ರಕರಣದಿಂದ ನಿಷಿದ್ಧ.

ದುರ್ಬಲ ವರ್ಗದವರಿಗೂ ಅವಕಾಶವಂಚಿತರಿಗೂ ಖಾಸಗಿ ಶಾಲೆಗಳಲ್ಲಿ ಮೀಸಲಾದ ಶೇಕಡಾ 25ರಷ್ಟು ಸ್ಥಾನಗಳನ್ನು ಕುರಿತು ಅನೇಕರಿಗೆ ಇನ್ನೂ ಹಳೆಯ ಕಲ್ಪನೆಯೇ ಇದೆ. ಕರ್ನಾಟಕದಲ್ಲಿ 2019ರ ನಿಯಮಗಳ ತಿದ್ದುಪಡಿಯ ತರುವಾಯ, ನೆರೆಯಲ್ಲಿ ಸರ್ಕಾರಿ ಅಥವಾ ಅನುದಾನಿತ ಶಾಲೆಯಿದ್ದಲ್ಲಿ ಈ ಸೌಲಭ್ಯ ದೊರೆಯದು. ಬಡವರ ಪಾಲಿಗೆ ತೆರೆದಿದ್ದ ಬಾಗಿಲೊಂದು ಬಹುಮಟ್ಟಿಗೆ ಮುಚ್ಚಿತೆಂಬ ವ್ಯಥೆ ನನ್ನಲ್ಲಿದ್ದರೂ, ನೆರೆಯ ಸರ್ಕಾರಿ ಶಾಲೆಯನ್ನು ನೋಡದೆಯೇ ತಿರಸ್ಕರಿಸುವುದು ಸಾಧುವೆಂದು ನಾನು ಹೇಳಲಾರೆ. ಏಕೆಂದರೆ ಆ ಶಾಲೆಯ ಆಡಳಿತ ಸಮಿತಿಯ ಸದಸ್ಯರಲ್ಲಿ ಮುಕ್ಕಾಲು ಪಾಲು ಪೋಷಕರೇ ಇರತಕ್ಕದ್ದೆಂದು ಕಾನೂನು ವಿಧಿಸಿದೆ. ದುಬಾರಿ ಶಾಲೆಯ ಗೇಟಿನ ಹೊರಗೆ ನಿಲ್ಲುವ ತಂದೆಗೆ ಅಂತಹ ಪೀಠ ಯಾವ ಶುಲ್ಕಕ್ಕೂ ದೊರೆಯುವುದಿಲ್ಲ. ಮಾಧ್ಯಮದ ಆಯ್ಕೆಯಾದರೋ ಪೂರ್ಣವಾಗಿ ನಮ್ಮದು. 1994ರ ಸರ್ಕಾರಿ ಆದೇಶದಿಂದ ಹುಟ್ಟಿದ ವ್ಯಾಜ್ಯದಲ್ಲಿ, ಪ್ರಾಥಮಿಕ ಹಂತದಲ್ಲಿ ಮಾತೃಭಾಷಾ ಮಾಧ್ಯಮವನ್ನು ಸರ್ಕಾರವು ಹೇರುವಂತಿಲ್ಲವೆಂದು ಸರ್ವೋಚ್ಚ ನ್ಯಾಯಾಲಯವು 2014ರ ಮೇ 6ರಂದು ತೀರ್ಮಾನಿಸಿತು. ಮೊಲವನ್ನು ಮೊಲವೆಂದು ಬಲ್ಲ ಮಗುವಿಗೆ ಕನ್ನಡದಲ್ಲಿಯೇ ಅಕ್ಷರ ಕಲಿಸುವ ಸ್ವಾತಂತ್ರ್ಯವೂ ಆ ಆಯ್ಕೆಯೊಳಗೇ ಇದೆ.

ಆರಿಸಿದ ಶಾಲೆ ಒಗ್ಗಲಿಲ್ಲವೆಂದರೆ, ಪ್ರಾಥಮಿಕ ಶಿಕ್ಷಣ ಮುಗಿಯುವುದರೊಳಗೆ ಸರ್ಕಾರಿ ಅಥವಾ ಅನುದಾನಿತ ಶಾಲೆಗೆ ವರ್ಗವಾಗುವ ಹಕ್ಕು ಮಗುವಿಗುಂಟು, ಮುಖ್ಯೋಪಾಧ್ಯಾಯರು ಟಿ.ಸಿ.ಯನ್ನು ತತ್‌ಕ್ಷಣವೇ ಕೊಡಬೇಕು, ಅದು ತಡವಾದರೂ ಹೊಸ ಶಾಲೆಯವರು ಪ್ರವೇಶವನ್ನು ನಿರಾಕರಿಸುವಂತಿಲ್ಲ. ಯಾವ ಹಕ್ಕಿಗೆ ಚ್ಯುತಿ ಬಂದರೂ, 32ನೆಯ ಪ್ರಕರಣದಂತೆ ಸ್ಥಳೀಯ ಪ್ರಾಧಿಕಾರಕ್ಕೆ ಲಿಖಿತ ದೂರು ಕೊಡಬಹುದು. ಮೂರು ತಿಂಗಳೊಳಗೆ ಅದು ಇತ್ಯರ್ಥವಾಗತಕ್ಕದ್ದು, ತೀರ್ಮಾನ ಒಪ್ಪಿಗೆಯಾಗದಿದ್ದರೆ ರಾಜ್ಯ ಮಕ್ಕಳ ಹಕ್ಕುಗಳ ರಕ್ಷಣಾ ಆಯೋಗಕ್ಕೆ ಮೇಲ್ಮನವಿ ಸಲ್ಲಿಸಬಹುದು. ದೂರಿನ ಇನ್ನೊಂದು ಪ್ರತಿಯ ಮೇಲೆ ದಿನಾಂಕಸಹಿತವಾದ ಸ್ವೀಕೃತಿಯ ಮುದ್ರೆಯನ್ನು ಹಾಕಿಸಿಕೊಳ್ಳದೆ ಆ ಕಚೇರಿಯ ಮೆಟ್ಟಿಲನ್ನು ಇಳಿಯಬಾರದು. ಮೂರು ತಿಂಗಳ ಲೆಕ್ಕಕ್ಕೆ ನಮ್ಮ ಕೈಯಲ್ಲಿ ಉಳಿಯುವ ಸಾಕ್ಷ್ಯ ಅದೊಂದೇ.