ಮಾಳಿಗೆ ಮೇಲೆ ಸೋಲಾರ್: ಆದೋನಿ ಸೀಮೆಯ ಅನುಭವದ ಪಾಠಗಳು

ಆಂಧ್ರದ ಕರ್ನೂಲು ಜಿಲ್ಲೆಯ ಆದೋನಿ, ಕೌತಾಳಂ, ಕೋಸಿಗಿ ಕಡೆಯ ಮನೆಗಳಿಗೆ ಸೋಲಾರ್ ಕೂಡಿಸುವುದು ನನ್ನ ಕೆಲಸ. ಓರ್ವಕಲ್ಲು ಕಡೆಯ 1000 ಮೆಗಾವಾಟ್ ಸೋಲಾರ್ ಪಾರ್ಕನ್ನು ಕಂಡ ನಮ್ಮ ಜನಕ್ಕೆ ಬಿಸಿಲಿನ ಕರೆಂಟಿನ ಮೇಲೆ ನಂಬಿಕೆಯಿದೆ. ಆ ನಂಬಿಕೆ ಉಳಿಯಬೇಕಾದರೆ ಲೆಕ್ಕ ನೇರವಾಗಿರಬೇಕು. ಇದೇ ಕೆಲಸ ಮಾಡುವವರಿಗೆ ನಾನು ಕಲಿತ ಪಾಠಗಳು ಇವು.

1. ಮೊದಲು ಬಿಲ್ಲು, ಆಮೇಲೆ ಮಾಳಿಗೆ. ಒಂದು ಕಿಲೋವಾಟ್‌ಗೆ ಸುಮಾರು 100 ಚದರಡಿ ಜಾಗ ಬೇಕು. ದಿನಕ್ಕೆ ಸರಾಸರಿ 4 ಯೂನಿಟ್ ಬರುತ್ತದೆ. ತಿಂಗಳಿಗೆ 200 ಯೂನಿಟ್ ಸುಡುವ ಮನೆಗೆ 2 ಕಿಲೋವಾಟ್ ಸಾಕು. 50 ಯೂನಿಟ್ ದಾಟದ ಮನೆಗೆ ಹಾಕಿದ ದುಡ್ಡು ಬೇಗ ಹುಟ್ಟುವುದಿಲ್ಲ. ಅದನ್ನೂ ಹೇಳಿಯೇ ಬನ್ನಿ.

2. ಮೀಟರು ಯಾರ ಹೆಸರಲ್ಲಿದೆ ನೋಡಿ. 2024ರ ಪಿಎಂ ಸೂರ್ಯ ಘರ್ ಯೋಜನೆಯಲ್ಲಿ 1 ಕಿಲೋವಾಟ್‌ಗೆ 30,000, ಎರಡಕ್ಕೆ 60,000, ಮೂರು ಮತ್ತು ಅದಕ್ಕೆ ಮೇಲ್ಪಟ್ಟದ್ದಕ್ಕೆ 78,000 ರೂಪಾಯಿ ಸಬ್ಸಿಡಿ. ಅದು ಸಿಗುವುದು ಮೀಟರು ಯಾರ ಹೆಸರಲ್ಲಿದೆಯೋ ಅವರಿಗೇ. ಎಷ್ಟೋ ಮನೆಗಳ ಮೀಟರು ಇನ್ನೂ ತೀರಿಹೋದ ತಾತನ ಹೆಸರಲ್ಲೇ ಇರುತ್ತದೆ. ಅದನ್ನು ಮೊದಲು ಬದಲಿಸಿ. ಸಬ್ಸಿಡಿ ಖಾತೆಗೆ ಬೀಳುವುದು ನೆಟ್ ಮೀಟರ್ (ಲೈನಿನಿಂದ ಪಡೆದದ್ದು, ಲೈನಿಗೆ ಕೊಟ್ಟದ್ದು ಎರಡನ್ನೂ ಅಳೆಯುವ ಮೀಟರು) ಕೂತ ಮೇಲೆ. ಅಲ್ಲಿಯವರೆಗಿನ ಹಣ ಕೈಯಿಂದಲೋ ಬ್ಯಾಂಕ್ ಸಾಲದಿಂದಲೋ ಹೊಂದಿಸಬೇಕು.

3. ನೆರಳನ್ನು ಎರಡು ಹೊತ್ತು ನೋಡಿ. ಮಧ್ಯಾಹ್ನ ಬಯಲಾಗಿ ಕಾಣುವ ಮಾಳಿಗೆ ಮೇಲೆ ಬೆಳಿಗ್ಗೆ ನೀರಿನ ಟ್ಯಾಂಕಿನ ನೆರಳು, ಸಂಜೆ ಬೇವಿನ ಮರದ ನೆರಳು ಚಾಚುತ್ತವೆ. ಡಿಸೆಂಬರಿನಲ್ಲಿ ಸೂರ್ಯ ತೆಂಕಕ್ಕೆ ವಾಲಿದಾಗ ಅವು ಇನ್ನೂ ಉದ್ದ. ಒಂದು ಫಲಕದ ಮೇಲೆ ನೆರಳು ಬಿದ್ದರೆ ಅದರ ಸಾಲಿನ ಉಳಿದವೂ ಕುಗ್ಗಬಹುದು.

4. ‘ಕರೆಂಟು ಹೋದಾಗ ಫ್ಯಾನು ತಿರುಗ್ತಾವಲ್ಲಣ್ಣ?’ ಈ ಪ್ರಶ್ನೆ ಎಲ್ಲ ಮನೆಯಲ್ಲೂ ಬರುತ್ತದೆ. ಬ್ಯಾಟರಿ ಇಲ್ಲದ ಸೋಲಾರ್ ಕರೆಂಟು ಹೋದೊಡನೆ ತಾನೂ ನಿಲ್ಲುತ್ತದೆ. ಕಂಬ ಹತ್ತಿದ ಲೈನ್‌ಮನ್ ಜೀವ ಉಳಿಸಲೆಂದೇ ಆ ಏರ್ಪಾಡು. ಬ್ಯಾಟರಿ ಬೇಕೆಂದರೆ ಖರ್ಚು ಹೆಚ್ಚು. ಇದನ್ನು ಮುಂಗಡ ಹಣ ಮುಟ್ಟುವ ಮೊದಲೇ ಹೇಳಬೇಕು.

5. ಧೂಳನ್ನು ಲೆಕ್ಕಕ್ಕೆ ಹಿಡಿಯಿರಿ. ಜಿನ್ನಿಂಗ್ ಮಿಲ್ಲುಗಳ ಹತ್ತಿರ ಹತ್ತಿಯ ಎಳೆ, ಧೂಳು ಗಾಜಿಗೆ ಅಂಟುತ್ತವೆ. ಬೆಳಗಿನ ತಂಪಿನಲ್ಲಿ ಮೆತ್ತನೆ ಬಟ್ಟೆಯಿಂದ ಒರೆಸಿ. ಕಾದ ಗಾಜಿಗೆ ತಣ್ಣೀರು ಎರಚಬೇಡಿ. ಬೋರಿನ ಸವಳು ನೀರು ಆರಿದರೆ ಬಿಳಿ ಕಲೆ ನಿಲ್ಲುತ್ತದೆ.

6. ಬಿಲ್ಲು ಓದಲು ಮನೆಯ ಹೆಣ್ಣುಮಕ್ಕಳಿಗೂ ಕಲಿಸಿ. ಲೈನಿನಿಂದ ಪಡೆದ ಯೂನಿಟ್ ಎಷ್ಟು, ಲೈನಿಗೆ ಕೊಟ್ಟದ್ದೆಷ್ಟು ಎಂದು ಬೆರಳಿಟ್ಟು ತೋರಿಸಿ. ಲೆಕ್ಕ ತಿಳಿದ ಹೆಣ್ಣುಮಗಳು ಪಕ್ಕದ ಮನೆಯವರಿಗೆ ತಾನೇ ವಿವರಿಸುತ್ತಾಳೆ. ನಮ್ಮ ಕಡೆ ಹೊಸ ಮನೆಗಳು ಸೋಲಾರ್ ಕೇಳಿ ಬರುವುದು ಹೆಚ್ಚಾಗಿ ಹೀಗೆಯೇ.