ದಮಕಲ್‌ನವರ ದಮ್ಮು ಮತ್ತು ಹೃದಯ

ನಮ್ಮ ವಾಚನಾಲಯಕ್ಕೆ ಬರುವ ಕನ್ನಡಿಗರೆಲ್ಲರಿಗೂ ‘ದಮಕಲ್’ ಎಂಬ ಬಂಗಾಳಿ ಮಾತು ಪರಿಚಿತವೇ. ಬೆಂಕಿ ಆರಿಸುವ ದಳಕ್ಕೆ ಇಲ್ಲಿಯ ಜನ ಇಟ್ಟ ಹೆಸರದು. ‘ಕಲ್’ ಎಂದರೆ ಯಂತ್ರ. ‘ದಮ್’ ಎಂಬುದು ನಾವು ಊರಿನಲ್ಲಿ ದಮ್ಮು ಎನ್ನುವ ಅದೇ ಶಬ್ದ, ಉಸಿರು ಎಂದರ್ಥ. ನಮ್ಮ ಉಸಿರನ್ನು ಉಳಿಸಲು ಓಡಿಬರುವ ಇವರ ಉಸಿರನ್ನು ಕಾಯುವವರು ಯಾರು? ಈ ಪಾಠದಲ್ಲಿ ಅದನ್ನೇ ವಿಚಾರ ಮಾಡೋಣ.

೧. ಬೆಂಕಿಗಿಂತ ಹೊಗೆ ಘೋರ

ಬಾಲಿಗಂಜಿನವರಾದ ನಾವು ಉದಾಹರಣೆಗಾಗಿ ದೂರ ಹೋಗಬೇಕಾಗಿಲ್ಲ. ೨೦೧೧ನೆಯ ಡಿಸೆಂಬರ್ ೯ರ ನಸುಕಿನಲ್ಲಿ ನೆರೆಯ ಢಾಕುರಿಯಾದ ಎ.ಎಂ.ಆರ್.ಐ. ಆಸ್ಪತ್ರೆಯ ನೆಲಮಾಳಿಗೆಯಲ್ಲಿ ಬೆಂಕಿ ಹತ್ತಿತು. ಸುಮಾರು ತೊಂಬತ್ತು ಮಂದಿ ತೀರಿಕೊಂಡರು. ಅವರಲ್ಲಿ ಬಹುಮಂದಿಯನ್ನು ಕೊಂದದ್ದು ಜ್ವಾಲೆಯಲ್ಲ, ಮೇಲಿನ ಅಂತಸ್ತುಗಳಿಗೆ ಏರಿದ ಹೊಗೆ.

೨೦೨೧ನೆಯ ಮಾರ್ಚ್ ೮ರ ಸಂಜೆ ಸ್ಟ್ರ್ಯಾಂಡ್ ರಸ್ತೆಯ ನ್ಯೂ ಕೊಯ್ಲಾಘಾಟ್ ಕಟ್ಟಡದ ಹದಿಮೂರನೆಯ ಅಂತಸ್ತಿಗೆ ಬೆಂಕಿ ಬಿದ್ದಾಗ ಒಂಬತ್ತು ಮಂದಿ ಸತ್ತರು. ಅವರಲ್ಲಿ ನಾಲ್ವರು ದಮಕಲ್‌ನವರೇ. ಇಂಥ ಸಾವು ಪತ್ರಿಕೆಯ ಮೊದಲ ಪುಟಕ್ಕೆ ಬರುತ್ತದೆ. ಆದರೆ ಬೆಂಕಿ ಆರಿ, ಜನ ಚದುರಿ, ಕೆಲಸಗಾರ ಮನೆ ಸೇರಿದ ಮೇಲೆ ಬರುವ ಸಾವಿಗೆ ಸುದ್ದಿಯಿಲ್ಲ. ಈ ಪಾಠ ಮುಖ್ಯವಾಗಿ ಆ ಎರಡನೆಯ ಸಾವಿನ ಬಗೆಗೆ.

೨. ಹೃದಯಕ್ಕೆ ಬೀಳುವ ಹೊರೆ

ಮಲಗಿದ್ದವನನ್ನು ಗಂಟೆ ಎಬ್ಬಿಸಿದ ಕ್ಷಣವೇ ಎದೆಬಡಿತ ಏರುತ್ತದೆ. ದಪ್ಪ ಕೋಟು, ಬೂಟು, ಬೆನ್ನಿನ ಗಾಳಿಯ ಸಿಲಿಂಡರು ಎಲ್ಲ ಸೇರಿ ೨೦ ಕಿಲೋಗ್ರಾಮಿನಷ್ಟು ಭಾರ. ಅದನ್ನು ಹೊತ್ತು ಮೆಟ್ಟಿಲೇರಬೇಕು. ಒಳಗಿನ ಬೇಗೆಗೆ ಬೆವರು ಹರಿಯುತ್ತದೆ. ಕಲ್ಕತ್ತೆಯ ಜ್ಯೇಷ್ಠ ಮಾಸದ ಸೆಕೆಯಲ್ಲಿ ಆ ಬೆವರು ಆರುವುದೂ ಇಲ್ಲ. ಮೈಯ ನೀರು ಇಳಿದು ರಕ್ತ ಮಂದವಾಗುತ್ತದೆ, ಹೆಪ್ಪುಗಟ್ಟುವ ಗುಣ ಹೆಚ್ಚುತ್ತದೆ. ಎಡಿನ್‌ಬರೋ ವಿಶ್ವವಿದ್ಯಾಲಯದ ಸಂಶೋಧಕರು ಆರೋಗ್ಯವಂತರಾದ ೧೯ ಅಗ್ನಿಶಾಮಕರನ್ನು ಪರೀಕ್ಷಿಸಿ ೨೦೧೭ರಲ್ಲಿ ಇದನ್ನೇ ತೋರಿಸಿದರು.

ಇದರ ಮೇಲೆ ಕಾರ್ಬನ್ ಮಾನಾಕ್ಸೈಡ್. ಬಣ್ಣವಿಲ್ಲದ, ವಾಸನೆಯಿಲ್ಲದ ಈ ಅನಿಲ ಆಮ್ಲಜನಕಕ್ಕಿಂತ ಇನ್ನೂರು ಪಟ್ಟಿಗೂ ಮಿಕ್ಕು ಬಿಗಿಯಾಗಿ ರಕ್ತವನ್ನು ಹಿಡಿಯುತ್ತದೆ. ಬಾಲಿಗಂಜ್ ಸ್ಟೇಷನ್ನಿನ ಲೋಕಲ್ ಗಾಡಿಯಲ್ಲಿ ಟಿಕೆಟ್ಟಿಲ್ಲದವರು ಸೀಟು ಹಿಡಿದು ಏಳದಿದ್ದರೆ ಟಿಕೆಟ್ಟಿದ್ದವರು ನಿಂತೇ ಇರಬೇಕಷ್ಟೆ! ಆಮ್ಲಜನಕದ ಪಾಡೂ ಹಾಗೆಯೇ. ಹೃದಯ ಹೆಚ್ಚು ದುಡಿಯಬೇಕಾದ ಹೊತ್ತಿಗೇ ಅದರ ಆಹಾರಕ್ಕೆ ಕತ್ತರಿ ಬೀಳುತ್ತದೆ.

ಅಮೆರಿಕದಲ್ಲಿ ೧೯೯೪ರಿಂದ ೨೦೦೪ರವರೆಗೆ ಕರ್ತವ್ಯದಲ್ಲಿದ್ದಾಗ ಮಡಿದ ಅಗ್ನಿಶಾಮಕರ ಲೆಕ್ಕ ತೆಗೆದಾಗ ಶೇಕಡಾ ೩೯ ಸಾವುಗಳು ಹೃದ್ರೋಗದಿಂದ ಆದವು ಎಂದು ತಿಳಿಯಿತು. ನೇರವಾಗಿ ಬೆಂಕಿಯೆದುರು ನಿಲ್ಲುವ ಹೊತ್ತು ಅವರ ಕೆಲಸದ ವೇಳೆಯಲ್ಲಿ ಶೇಕಡಾ ೧ರಿಂದ ೫ ಮಾತ್ರ. ಹೃದ್ರೋಗದ ಸಾವುಗಳಲ್ಲಿ ಶೇಕಡಾ ೩೨ ಆ ಅಲ್ಪ ಹೊತ್ತಿನವು.

೩. ಮೈಗೆ ಅಂಟಿ ಬರುವ ವಿಷ

ಹಿಂದೆ ಮನೆಗಳಲ್ಲಿ ಉರಿಯುತ್ತಿದ್ದುದು ಮರ, ಹತ್ತಿ, ಕಾಗದ. ಇಂದು ಫೋಮ್ ಹಾಸಿಗೆ, ಪ್ಲಾಸ್ಟಿಕ್, ಬಣ್ಣ, ವಿದ್ಯುತ್ ತಂತಿ. ಇವುಗಳ ಹೊಗೆಯಲ್ಲಿ ಹೈಡ್ರೊಜನ್ ಸಯನೈಡ್, ಬೆಂಜೀನ್, ಫಾರ್ಮಾಲ್ಡಿಹೈಡ್ ಇರುತ್ತವೆ. ಹಳೆಯ ಕಟ್ಟಡಗಳಲ್ಲಿ ಕಲ್ನಾರಿನ ಧೂಳೂ ಸೇರೀತು. ಇವು ಮೂಗಿನಿಂದ ಮಾತ್ರವಲ್ಲದೆ ಬೆವೆತ ಚರ್ಮದ ಮೂಲಕವೂ, ವಿಶೇಷವಾಗಿ ಕುತ್ತಿಗೆ ಮತ್ತು ತೊಡೆಸಂದುಗಳಲ್ಲಿ, ಒಳಸೇರುತ್ತವೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಮಂಡಲಿ ೨೦೨೨ರಲ್ಲಿ ಅಗ್ನಿಶಾಮಕ ವೃತ್ತಿಯನ್ನೇ ಕ್ಯಾನ್ಸರ್‌ಕಾರಕಗಳ ಮೊದಲನೆಯ ವರ್ಗಕ್ಕೆ ಸೇರಿಸಿತು. ಮೂತ್ರಕೋಶದ ಕ್ಯಾನ್ಸರು ಮತ್ತು ಶ್ವಾಸಕೋಶದ ಹೊರಪೊರೆಯ ಕ್ಯಾನ್ಸರುಗಳಿಗೆ ಪುರಾವೆ ಸಾಕಷ್ಟಿದೆ ಎಂದು ಅದು ತೀರ್ಮಾನಿಸಿತು.

೪. ಪರಿಹಾರಗಳು

ಇವುಗಳಲ್ಲಿ ಹೆಚ್ಚಿನವು ದುಬಾರಿಯಲ್ಲ, ಅಭ್ಯಾಸದ ಮಾತು.

(ಅ) ಜ್ವಾಲೆ ಆರಿದ ಮೇಲೆ ಬೂದಿ ಕೆದಕಿ ತಣಿಸುವಾಗಲೂ ಉಸಿರಾಟದ ಮುಖವಾಡ ತೆಗೆಯಬಾರದು. ಕಣ್ಣಿಗೆ ಹೊಗೆ ಕಾಣದಿದ್ದರೂ ಅನಿಲ ಇರುತ್ತದೆ.

(ಆ) ಮುಖ, ಕುತ್ತಿಗೆ, ಕೈಗಳನ್ನು ಸ್ಥಳದಲ್ಲೇ ಒರೆಸಿಕೊಂಡು, ಠಾಣೆಗೆ ಮರಳಿದೊಡನೆ ಸ್ನಾನ ಮಾಡಬೇಕು. ಮಸಿ ಹಿಡಿದ ಕೋಟು ಶೌರ್ಯದ ಗುರುತೆಂಬ ಭಾವನೆ ಹೋಗಬೇಕು. ಅದನ್ನು ಮಲಗುವ ಕೋಣೆಗೆ ತರಬಾರದು. ಮನೆಯಲ್ಲಿ ಮಕ್ಕಳ ಬಟ್ಟೆಯೊಡನೆ ಒಗೆಯಲೇಬಾರದು.

(ಇ) ನಡುನಡುವೆ ನೀರು, ವಿಶ್ರಾಂತಿ ಬೇಕು. ಅರ್ಧ ಗಂಟೆಯ ಎರಡು ಸಿಲಿಂಡರು ಮುಗಿದ ಮೇಲೆ ಕನಿಷ್ಠ ೨೦ ನಿಮಿಷ ಕುಳಿತುಕೊಳ್ಳಬೇಕೆಂಬುದು ಅಮೆರಿಕದಲ್ಲಿ ರೂಢಿಯಾದ ಕ್ರಮ.

(ಈ) ವರ್ಷಕ್ಕೊಮ್ಮೆ ರಕ್ತದೊತ್ತಡ, ಸಕ್ಕರೆ, ಕೊಬ್ಬು, ಇ.ಸಿ.ಜಿ. ಪರೀಕ್ಷೆ ಆಗಬೇಕು. ಬೀಡಿ ಸಿಗರೇಟು ಬಿಡಬೇಕು. ರಾತ್ರಿ ಪಾಳಿಯಲ್ಲಿ ತೇಲೇಭಾಜಾ ರುಚಿಯೇನೋ ಹೌದು, ಹೃದಯಕ್ಕೆ ಹಿತವಲ್ಲ. ಎದೆ ಬಿಗಿದರೆ ‘ವಾಯು’ ಎಂದು ಸುಮ್ಮನಿರದೆ ಕೂಡಲೆ ವೈದ್ಯರ ಬಳಿಗೆ ಹೋಗಬೇಕು.

೫. ನಮ್ಮ ಪಾಲು

ದಳದವರು ಹೊಗೆಯಲ್ಲಿ ಕಳೆಯುವ ಪ್ರತಿಯೊಂದು ನಿಮಿಷವೂ ಅವರ ಆಯುಷ್ಯದ ಲೆಕ್ಕಕ್ಕೆ ಬೀಳುತ್ತದೆ. ಆ ನಿಮಿಷಗಳನ್ನು ಕಡಮೆ ಮಾಡುವುದು ನಮ್ಮ ಕೈಯಲ್ಲೂ ಇದೆ. ಮೆಟ್ಟಿಲ ಮೇಲೆ ಹಳೆಯ ಸಾಮಾನು ಪೇರಿಸಬಾರದು. ಹಳೆಯ ತಂತಿ ಬದಲಾಯಿಸಬೇಕು. ೧೦೧ಕ್ಕೆ ಫೋನು ಮಾಡಿದಾಗ ಒಳಗೆ ಯಾರಿದ್ದಾರೆ, ಗ್ಯಾಸ್, ಬಣ್ಣ, ಆಸಿಡ್ ಏನಾದರೂ ಇದೆಯೇ ಎಂದು ತಿಳಿಸಬೇಕು. ಮೊದಲು ನಮ್ಮಿಂದಲೇ ಆಗಲಿ: ವಾಚನಾಲಯದ ಹಳೆಯ ಪತ್ರಿಕೆಗಳ ಕಟ್ಟುಗಳು ವಿದ್ಯುತ್ ಮೀಟರಿನ ಹತ್ತಿರ ಬಾರದಂತೆ ನೋಡಿಕೊಳ್ಳೋಣ.

ಏಪ್ರಿಲ್ ೧೪ ನಮ್ಮ ದೇಶದ ಅಗ್ನಿಶಾಮಕ ಸೇವಾ ದಿನ. ೧೯೪೪ರಲ್ಲಿ ಅದೇ ದಿನ ಬೊಂಬಾಯಿ ಬಂದರಿನಲ್ಲಿ ಫೋರ್ಟ್ ಸ್ಟಿಕೀನ್ ಹಡಗು ಸಿಡಿದು ೬೬ ಅಗ್ನಿಶಾಮಕರು ಮಡಿದರು. ಮಡಿದವರನ್ನು ನೆನೆಯುವುದು ಉಚಿತವೇ. ಬದುಕಿರುವವರು ನಿವೃತ್ತರಾಗಿ ಮೊಮ್ಮಕ್ಕಳನ್ನು ಆಡಿಸುವಂತೆ ನೋಡಿಕೊಳ್ಳುವುದು ಅದಕ್ಕಿಂತ ದೊಡ್ಡ ಗೌರವವೆಂದು ನಾವು ತಿಳಿಯುತ್ತೇವೆ.

ಮನನಕ್ಕೆ: ೧. ಜ್ವಾಲೆ ಆರಿದ ಮೇಲೂ ಮುಖವಾಡ ಏಕೆ ಬೇಕು? ೨. ಬೆವರಿಗೂ ಹೃದಯಾಘಾತಕ್ಕೂ ಏನು ಸಂಬಂಧ? ೩. ನಿಮ್ಮ ಮನೆಯ ಮೆಟ್ಟಿಲ ಮೇಲೆ ಈ ಹೊತ್ತು ಏನೇನಿದೆ?