ಕ್ಲಾಂಪಿನ ಬಾಣ ನೋಡದೆ ರೆಕಾರ್ಡಿಂಗ್ ಒತ್ತಬೇಡಿ

ಅಕ್ಕಿಯನ್ನು ಬಣ್ಣ ನೋಡಿ ಬೇರ್ಪಡಿಸುವ ಸಾರ್ಟೆಕ್ಸ್ ಯಂತ್ರ ದಿನಕ್ಕೆ ನಾಲ್ಕು ಸಲ ತಾನಾಗಿ ನಿಲ್ಲುತ್ತದೆ. ಎಲಿವೇಟರ್ ಮೋಟರ್ ವರ್ಷಕ್ಕೊಮ್ಮೆ ಸುಡುತ್ತದೆ. ಕೆವಿಎಎಚ್ ಲೆಕ್ಕದ ಬಿಲ್ಲು ಏರುತ್ತಲೇ ಇರುತ್ತದೆ. ಆಗ ಮಿಲ್ ಮಾಲೀಕರು ಪವರ್ ಕ್ವಾಲಿಟಿ ಮೀಟರ್ ಬಾಡಿಗೆಗೆ ತರಿಸುತ್ತಾರೆ. ಯಾರೋ ಬಂದು ಎರಡು ತಾಸು ಹಚ್ಚಿ, ಬಣ್ಣದ ಗ್ರಾಫ್ ಇರುವ ವರದಿ ಕೊಟ್ಟು ಹೋಗುತ್ತಾರೆ. ವರದಿ ನಂಬಿ ಲಕ್ಷಗಟ್ಟಲೆಯ ಕೆಪಾಸಿಟರ್, ಸ್ಟೆಬಿಲೈಜರ್ ಕೊಳ್ಳುತ್ತಾರೆ. ಸಾರ್ಟೆಕ್ಸ್ ಮಾತ್ರ ಮೊದಲಿನಂತೆಯೇ ನಿಲ್ಲುತ್ತದೆ. ಮಕ್ತಲ್, ಗದ್ವಾಲ್, ನಾರಾಯಣಪೇಟೆಯ ಅಕ್ಕಿ ಗಿರಣಿ, ಜಿನ್ನಿಂಗ್ ಮಿಲ್‌ಗಳಲ್ಲಿ ಇಂಥ ವರದಿಗಳನ್ನು ಕಂಡಿದ್ದೇನೆ. ಮೀಟರ್ ಕೆಟ್ಟಿರುವುದು ಅಪರೂಪ, ಹಚ್ಚಿದ ರೀತಿ ಕೆಟ್ಟಿರುವುದೇ ಹೆಚ್ಚು.

ಹಿನ್ನೆಲೆ ಎರಡೇ ಮಾತಿನಲ್ಲಿ. ಕೃಷ್ಣಾ ಹೊಳೆಯಾಚೆ ಶಕ್ತಿನಗರದಲ್ಲಿ 1,720 ಮೆಗಾವಾಟಿನ ರಾಯಚೂರು ಶಾಖೋತ್ಪನ್ನ ಕೇಂದ್ರವಿದೆ, ತೆಲಂಗಾಣದ ಜುರಾಲಾದಲ್ಲಿ 234 ಮೆಗಾವಾಟಿನ ಜಲವಿದ್ಯುತ್ ಕೇಂದ್ರವಿದೆ. ಇಷ್ಟು ಹತ್ತಿರ ಕರೆಂಟ್ ತಯಾರಾಗುವಾಗ ಕೃಷ್ಣಾ, ಗುಡೇಬಲ್ಲೂರು ಊರುಗಳಲ್ಲಿ ವೋಲ್ಟೇಜ್ ಯಾಕೆ ಬೀಳುತ್ತದೆ ಎಂದು ಜನ ಕೇಳುತ್ತಾರೆ. ಅಲ್ಲಿ ತಯಾರಾದದ್ದು ದೊಡ್ಡ ಗ್ರಿಡ್ಡಿಗೆ ಹೋಗುತ್ತದೆ. ನಿಮ್ಮ ಪ್ಯಾನೆಲ್ಲಿನ ವೋಲ್ಟೇಜನ್ನು ತೀರ್ಮಾನಿಸುವುದು ಸಬ್‌ಸ್ಟೇಷನ್ನಿನಿಂದ ಬರುವ 11 ಕೆವಿ ಲೈನಿನ ಉದ್ದ, ಅದರ ಮೇಲಿನ ಭಾರ ಮತ್ತು ನಿಮ್ಮ ಟ್ರಾನ್ಸ್‌ಫಾರ್ಮರ್. ತೆಲಂಗಾಣದಲ್ಲಿ 2018ರ ಜನವರಿ 1ರಿಂದ ಹೊಲಗಳಿಗೆ 24 ತಾಸು ಉಚಿತ ವಿದ್ಯುತ್ ಬಂದಿದೆ. ಆಟೋ ಸ್ಟಾರ್ಟರ್ ಇರುವ ಪಂಪುಗಳು ಹೋದ ಕರೆಂಟ್ ಮರಳಿದ ಕೂಡಲೇ ಒಟ್ಟಿಗೆ ಎದ್ದು ಲೈನನ್ನು ಜಗ್ಗುತ್ತವೆ. ಇದು ಮೀಟರಿನಲ್ಲಿ ಸ್ಪಷ್ಟವಾಗಿ ಕಾಣುತ್ತದೆ, ಮೀಟರ್ ಸರಿಯಾಗಿ ಹಚ್ಚಿದ್ದರೆ.

ಯಾವ ಮೀಟರ್, ಎಲ್ಲಿ

ವರ್ಷಕ್ಕೊಮ್ಮೆ ಬೇಕಾಗುವ ಸಾಧನವನ್ನು ಕೊಳ್ಳಬೇಡಿ, ಬಾಡಿಗೆಗೆ ತನ್ನಿ. ತರುವಾಗ ಎರಡು ವಿಷಯ ಕೇಳಿ. ಒಂದು, ಐಇಸಿ 61000-4-30ರ ಎ ದರ್ಜೆಯದೋ ಎಸ್ ದರ್ಜೆಯದೋ. ವಿದ್ಯುತ್ ಕಂಪನಿಯೊಂದಿಗೆ ವಾದ ಮಾಡಬೇಕಾದಲ್ಲಿ ಎ ದರ್ಜೆಯೇ ಬೇಕು. ಇನ್ನೊಂದು, ಈಚಿನ ಕ್ಯಾಲಿಬ್ರೇಷನ್ ಪ್ರಮಾಣಪತ್ರ ಇದೆಯೇ. ಮೀಟರ್, ಲೀಡ್, ಕ್ಲಿಪ್ ಮೂರರ ಮೇಲೂ ಕ್ಯಾಟ್ 3 ಅಥವಾ ಕ್ಯಾಟ್ 4 ಮತ್ತು 600 ವೋಲ್ಟ್ ಎಂದಿರಬೇಕು. ಲೀಡ್ ಬದಲಾಯಿಸಿ ಅಂಗಡಿಯ ಅಗ್ಗದ ವೈರ್ ಸೇರಿಸಿಕೊಂಡವರನ್ನು ಕಂಡಿದ್ದೇನೆ. ಮೇನ್ ಪ್ಯಾನೆಲ್ಲಿನಲ್ಲಿ ಇದು ಪ್ರಾಣದ ಜೊತೆ ಆಟ.

ಹಚ್ಚುವುದು ನಿಮ್ಮ ಸ್ವಂತ ಪ್ಯಾನೆಲ್ಲಿನ ಇನ್‌ಕಮರ್ ಬಳಿ. ಕಂಪನಿಯ ಸೀಲ್ ಇರುವ ಮೀಟರಿಂಗ್ ಪೆಟ್ಟಿಗೆಯನ್ನು ಮುಟ್ಟಬೇಡಿ. ಸೀಲ್ ಮುರಿಯುವುದು 2003ರ ವಿದ್ಯುತ್ ಕಾಯ್ದೆಯ ಪ್ರಕಾರ ಅಪರಾಧ. ಪ್ಯಾನೆಲ್ ತೆರೆಯುವವರು ಲೈಸೆನ್ಸ್ ಇರುವ ಎಲೆಕ್ಟ್ರಿಷಿಯನ್ನೇ ಆಗಿರಲಿ. ಸಾಧ್ಯವಿದ್ದರೆ ಲೈನ್ ಬಂದ್ ಮಾಡಿಸಿ ಹಚ್ಚಿರಿ.

ವೋಲ್ಟೇಜ್ ಲೀಡುಗಳಲ್ಲಿ ಮೊದಲು ಅರ್ಥ್, ನಂತರ ನ್ಯೂಟ್ರಲ್, ಆಮೇಲೆ ಆರ್, ವೈ, ಬಿ ಫೇಸುಗಳು. ತೆಗೆಯುವಾಗ ಇದೇ ಕ್ರಮ ತಿರುವು ಮುರುವು. ಕರೆಂಟ್ ಅಳೆಯುವ ಕ್ಲಾಂಪುಗಳಲ್ಲಿ ನಾಲ್ಕನೆಯದನ್ನು ನ್ಯೂಟ್ರಲ್‌ಗೆ ಹಾಕುವುದನ್ನು ಬಿಡಬೇಡಿ. ಎಲ್ಇಡಿ ದೀಪ, ಕಂಪ್ಯೂಟರಿನಂಥ ಒಂದೇ ಫೇಸಿನ ಎಲೆಕ್ಟ್ರಾನಿಕ್ ಭಾರದ ಮೂರನೇ ಹಾರ್ಮೋನಿಕ್, ಅಂದರೆ ಮೂಲ ಆವರ್ತನದ ಮೂರು ಪಟ್ಟಿನ ಕರೆಂಟ್, ಮೂರು ಫೇಸುಗಳಿಂದಲೂ ಬಂದು ನ್ಯೂಟ್ರಲಿನಲ್ಲಿ ಕೂಡಿಕೊಳ್ಳುತ್ತದೆ. ಮೂರು ಫೇಸ್ ಸಮವಾಗಿದ್ದೂ ನ್ಯೂಟ್ರಲ್ ಕಾಯುವುದಕ್ಕೆ ಕಾರಣ ಇದು.

ಸೆಟ್ಟಿಂಗಿನಲ್ಲಿ ಮೂರು ಫೇಸ್ ನಾಲ್ಕು ವೈರ್, 50 ಹರ್ಟ್ಸ್, ಫೇಸಿಗೆ 240 ವೋಲ್ಟ್, ಲೈನಿಗೆ 415 ವೋಲ್ಟ್. ಪ್ಯಾನೆಲ್ಲಿನ ಸಿಟಿಯ (ಕರೆಂಟ್ ಟ್ರಾನ್ಸ್‌ಫಾರ್ಮರಿನ) ಸೆಕೆಂಡರಿಗೆ ಕ್ಲಾಂಪ್ ಹಾಕಿದ್ದರೆ 200/5, 400/5 ಹೀಗೆ ಅದರ ಅನುಪಾತ ತುಂಬಬೇಕು. ಸೆಕೆಂಡರಿ ವೈರನ್ನು ಬಿಚ್ಚಬಾರದು, ಸುತ್ತ ಕ್ಲಾಂಪ್ ಹಾಕಬೇಕು ಅಷ್ಟೆ. ಕರೆಂಟ್ ಹರಿಯುತ್ತಿರುವಾಗ ಬಿಚ್ಚಿದರೆ ತುದಿಯಲ್ಲಿ ಸಾವಿರಾರು ವೋಲ್ಟ್ ಏಳಬಹುದು. ಗಡಿಯಾರವನ್ನು ಫೋನಿನೊಂದಿಗೆ ಸರಿಮಾಡಿ. ಸಬ್‌ಸ್ಟೇಷನ್ನಿನ ಲಾಗ್ ಬುಕ್ಕಿನೊಂದಿಗೆ ಹೋಲಿಸುವಾಗ ಐದು ನಿಮಿಷದ ತಪ್ಪೂ ಪುರಾವೆಯನ್ನು ಕೆಡಿಸುತ್ತದೆ.

ಎಲ್ಲರೂ ಎಡವುವುದು ಇಲ್ಲಿ

ಪ್ರತಿ ಕ್ಲಾಂಪಿನ ಮೇಲೆ ಬಾಣ ಇರುತ್ತದೆ. ಅದು ಭಾರದ ಕಡೆ, ಅಂದರೆ ಮೋಟರುಗಳ ಕಡೆ ತೋರಿಸಬೇಕು. ಆರ್ ವೋಲ್ಟೇಜ್ ಲೀಡ್ ಇರುವ ಕೇಬಲ್ಲಿಗೇ ಆರ್ ಕ್ಲಾಂಪ್ ಬರಬೇಕು. ಇಷ್ಟು ಗೊತ್ತಿಲ್ಲದವರು ಯಾರಿದ್ದಾರೆ ಎನ್ನಿಸಬಹುದು. ಆದರೆ ಇಕ್ಕಟ್ಟಾದ ಪ್ಯಾನೆಲ್ಲಿನಲ್ಲಿ, ಟಾರ್ಚ್ ಹಿಡಿದು, ಬಣ್ಣ ಮಾಸಿದ ಕೇಬಲ್ ನೋಡುತ್ತಾ ಹಾಕುವಾಗ ಆಗುವ ತಪ್ಪು ಇದೇ. ಕೇಬಲ್ಲಿನ ಬಣ್ಣವನ್ನಂತೂ ನಂಬಲೇಬೇಡಿ, ಯಾವಾಗಲೋ ಯಾರೋ ಮೋಟರ್ ಉಲ್ಟಾ ತಿರುಗಿತೆಂದು ಎರಡು ಕೇಬಲ್ ಅದಲು ಬದಲು ಮಾಡಿರುತ್ತಾರೆ.

ತಪ್ಪಾದರೆ ಏನಾಗುತ್ತದೆ ನೋಡಿ. ಮೂರು ಫೇಸಿನಲ್ಲೂ ಸಮ ಭಾರ ಇದೆ ಎಂದುಕೊಳ್ಳಿ. ಒಂದು ಕ್ಲಾಂಪ್ ಉಲ್ಟಾ ಆದರೆ ಎರಡು ಕೂಡಿ ಒಂದು ಕಳೆದು, ಒಟ್ಟು ಕಿಲೋವಾಟ್ ನಿಜದ ಮೂರನೇ ಒಂದು ಭಾಗ ತೋರಿಸುತ್ತದೆ. ಎರಡು ಕ್ಲಾಂಪ್ ಪರಸ್ಪರ ಬದಲಾದರೆ ಒಟ್ಟು ಸೊನ್ನೆ. ಇವೆರಡೂ ಕಣ್ಣಿಗೆ ಹೊಡೆಯುವ ತಪ್ಪುಗಳು, ಹೇಗೋ ಸಿಕ್ಕಿಬೀಳುತ್ತವೆ.

ಸಿಕ್ಕಿಬೀಳದ ತಪ್ಪು ಇನ್ನೊಂದಿದೆ. ಆರ್ ಲೀಡಿಗೆ ವೈ ಕ್ಲಾಂಪ್, ವೈ ಲೀಡಿಗೆ ಬಿ, ಬಿ ಲೀಡಿಗೆ ಆರ್, ಹೀಗೆ ಮೂರೂ ಒಂದೊಂದು ಮನೆ ಸರಿದು, ಜೊತೆಗೆ ಮೂರೂ ಬಾಣ ಹಿಂದುಮುಂದಾದರೆ ಕೋನ ಒಟ್ಟು 60 ಡಿಗ್ರಿ ಸರಿಯುತ್ತದೆ. ನಿಜವಾದ ಪವರ್ ಫ್ಯಾಕ್ಟರ್ 0.80 ಲ್ಯಾಗಿಂಗ್ ಇದ್ದರೆ ಮೀಟರ್ 0.92 ಲೀಡಿಂಗ್ ಎನ್ನುತ್ತದೆ. ಮೂರು ಫೇಸಿನಲ್ಲೂ ಕಿಲೋವಾಟ್ ಧನಾತ್ಮಕ, ಮೂರೂ ಸಮ. ಮೈನಸ್ ಚಿಹ್ನೆ ಎಲ್ಲೂ ಇಲ್ಲ, ಅನುಮಾನ ಪಡಲು ಏನೂ ಇಲ್ಲ. ವರದಿ ಓದಿದವರು ಕೆಪಾಸಿಟರ್ ಹೆಚ್ಚಾಗಿದೆ ಎಂದು ತೆಗೆಸಿಬಿಡುತ್ತಾರೆ. ಮುಂದಿನ ತಿಂಗಳು ಬಿಲ್ಲು ಇನ್ನೂ ಏರುತ್ತದೆ, ಬೈಗುಳ ಲೈನ್‌ಮ್ಯಾನಿಗೆ ಬೀಳುತ್ತದೆ.

ಪರೀಕ್ಷೆ ಸುಲಭ. ಕೆಪಾಸಿಟರ್ ಪ್ಯಾನೆಲ್ಲಿನ ಸ್ವಿಚ್ ಬಂದ್ ಮಾಡಿ. ಹಲ್ಲರ್, ಎಲಿವೇಟರ್‌ನಂಥ ನೇರ ಸ್ಟಾರ್ಟರಿನ ಮೋಟರುಗಳನ್ನಷ್ಟೇ ಓಡಿಸಿ. ಈಗ ಮೀಟರಿನಲ್ಲಿ ಫೇಸರ್ ಚಿತ್ರ ತೆರೆಯಿರಿ. ವೋಲ್ಟೇಜಿನ ಮೂರು ಗೆರೆ 120 ಡಿಗ್ರಿಯ ಅಂತರದಲ್ಲಿ ಆರ್, ವೈ, ಬಿ ಕ್ರಮದಲ್ಲಿರಬೇಕು. ಪ್ರತಿ ಕರೆಂಟಿನ ಗೆರೆ ತನ್ನದೇ ವೋಲ್ಟೇಜಿನ ಹಿಂದೆ, ಭಾರ ಹೊತ್ತ ಮೋಟರಿಗೆ ಸಾಮಾನ್ಯವಾಗಿ 25ರಿಂದ 50 ಡಿಗ್ರಿಯಷ್ಟು ಹಿಂದೆ ಇರಬೇಕು. ಕೆಪಾಸಿಟರ್ ಇಲ್ಲದ ಇಂಡಕ್ಷನ್ ಮೋಟರಿನ ಕರೆಂಟ್ ಎಂದಿಗೂ ವೋಲ್ಟೇಜಿನ ಮುಂದೆ ಹೋಗದು. ಹೋದಂತೆ ಕಂಡರೆ ಕ್ಲಾಂಪ್ ತಪ್ಪಾಗಿದೆ, ಬೇರೆ ಕಾರಣ ಹುಡುಕಬೇಡಿ. ಸರಿಪಡಿಸಿ, ಪರದೆಯ ಫೋಟೊ ತೆಗೆದಿಟ್ಟು, ಆಮೇಲೆ ಕೆಪಾಸಿಟರ್ ಹಾಕಿ, ರೆಕಾರ್ಡಿಂಗ್ ಒತ್ತಿರಿ. ಫೇಸರ್ ಫೋಟೊ ಇಲ್ಲದ ವರದಿಗೆ ಹಣ ಕೊಡಬೇಡಿ ಎಂದೇ ನನ್ನ ಸಲಹೆ.

ಹಗ್ಗದಂತೆ ಬಾಗುವ ಕ್ಲಾಂಪ್ ಬಳಸುವವರಿಗೆ ಒಂದು ಮಾತು. ಕೇಬಲ್ ಬಳೆಯ ನಡುವೆ ಇರಲಿ, ಬೀಗದ ಭಾಗ ಪಕ್ಕದ ಫೇಸಿನಿಂದ ದೂರವಿರಲಿ. ಐದಾರು ಆಂಪಿಯರಿನಂಥ ಸಣ್ಣ ಕರೆಂಟಿಗೆ ಇದು ನಂಬಿಕಸ್ಥವಲ್ಲ.

ಎಷ್ಟು ದಿನ

ಏಳು ದಿನ. ಎರಡು ತಾಸಲ್ಲ, ಒಂದು ದಿನವೂ ಅಲ್ಲ. ಸಂತೆಯ ದಿನ ಗಿರಣಿ ಅರ್ಧ ಓಡುತ್ತದೆ, ಇನ್ನೊಂದು ದಿನ ರಾತ್ರಿ ಪಾಳಿಯೂ ಇರುತ್ತದೆ, ಹೊಲದ ಪಂಪುಗಳಿಗೆ ಅವುಗಳದೇ ಹೊತ್ತು. ಸರಾಸರಿಯ ಅವಧಿ 10 ನಿಮಿಷ ಇಡಿ. ಘಟನೆಗಳಿಗೆ ಬೇರೆ ಮಿತಿ ಇಡಬೇಕು: ವೋಲ್ಟೇಜ್ ಶೇ 90ಕ್ಕಿಂತ ಇಳಿದರೆ ಸ್ಯಾಗ್, ಶೇ 110 ಮೀರಿದರೆ ಸ್ವೆಲ್. ಮಿತಿ ಇಡದೆ ಬರೀ ಸರಾಸರಿ ದಾಖಲಿಸಿದರೆ ಸಾರ್ಟೆಕ್ಸ್ ನಿಲ್ಲಿಸಿದ ಕ್ಷಣಮಾತ್ರದ ಕುಸಿತ ಹತ್ತು ನಿಮಿಷದಲ್ಲಿ ಕರಗಿಹೋಗುತ್ತದೆ.

ಯಂತ್ರ ನಿಂತ ಗಳಿಗೆಯನ್ನು ಆಪರೇಟರ್ ಗೋಡೆಯ ಮೇಲಾದರೂ ಬರೆದಿಡಲಿ. ಮೀಟರಿನ ಪಟ್ಟಿಯಲ್ಲಿ ಅದೇ ಗಳಿಗೆಯ ಸ್ಯಾಗ್ ಸಿಕ್ಕರೆ ಕರೆಂಟ್ ನೋಡಿ. ವೋಲ್ಟೇಜ್ ಬಿದ್ದಾಗಲೇ ನಿಮ್ಮ ಕರೆಂಟ್ ನಾಲ್ಕೈದು ಪಟ್ಟು ಜಿಗಿದಿದ್ದರೆ ಸಾಮಾನ್ಯವಾಗಿ ನಿಮ್ಮದೇ ದೊಡ್ಡ ಮೋಟರ್ ಎದ್ದಿದೆ, ಸಾಫ್ಟ್ ಸ್ಟಾರ್ಟರ್ ಹಾಕಿಸಿ. ಅಂಥ ಜಿಗಿತವಿಲ್ಲದೆ ವೋಲ್ಟೇಜ್ ಬಿದ್ದಿದ್ದರೆ ಕುಸಿತ ಲೈನಿನಿಂದ ಬಂದಿದೆ.

ಏನನ್ನು ಓದಬೇಕು

1956ರ ಭಾರತೀಯ ವಿದ್ಯುತ್ ನಿಯಮಗಳು ವೋಲ್ಟೇಜಿನ ಏರಿಳಿತಕ್ಕೆ ಇಟ್ಟಿದ್ದ ಶೇ 6ರ ಮಿತಿಯನ್ನು ಇಂದಿಗೂ ಅಳತೆಗೋಲಾಗಿ ಬಳಸುವುದುಂಟು. ಆ ಲೆಕ್ಕದಲ್ಲಿ 415 ವೋಲ್ಟಿಗೆ 390ರಿಂದ 440. ಅಸಮತೋಲವನ್ನು ಕೈಯಲ್ಲೇ ಲೆಕ್ಕ ಹಾಕಬಹುದು. ಲೈನ್ ವೋಲ್ಟೇಜ್ 415, 405, 395 ಇದ್ದರೆ ಸರಾಸರಿ 405, ಅತಿ ಹೆಚ್ಚಿನ ವ್ಯತ್ಯಾಸ 10, ಅಂದರೆ ಸುಮಾರು ಶೇ 2.5. ಚಿಕ್ಕದೆನ್ನಿಸುತ್ತದೆ, ಆದರೆ ಮೋಟರಿನ ಕರೆಂಟಿನಲ್ಲಿ ಅದು ಆರರಿಂದ ಹತ್ತು ಪಟ್ಟಾಗಿ ಕಾಣಿಸಿಕೊಳ್ಳುತ್ತದೆ. ವೋಲ್ಟೇಜಿನ ಅಸಮತೋಲ ಶೇ 1 ದಾಟಿದರೆ ಮೋಟರಿನ ಮೇಲಿನ ಭಾರ ಕಡಿಮೆ ಮಾಡಬೇಕು, ಶೇ 5 ದಾಟಿದರೆ ಓಡಿಸಲೇಬಾರದು. ಸುಡುವ ಮೋಟರಿಗೆ ವೈಂಡಿಂಗ್‌ನವರನ್ನು ಬೈಯುವ ಮೊದಲು ಇದನ್ನು ನೋಡಿ.

ಹಾರ್ಮೋನಿಕ್‌ಗೆ ಐಇಇಇ 519ರ 2014ರ ಆವೃತ್ತಿ 1,000 ವೋಲ್ಟ್‌ವರೆಗಿನ ಪೂರೈಕೆಯಲ್ಲಿ ವೋಲ್ಟೇಜ್ ಟಿಎಚ್‌ಡಿಗೆ (ಒಟ್ಟು ಹಾರ್ಮೋನಿಕ್ ವಿಕೃತಿಗೆ) ಶೇ 8ರ ಮಿತಿ ಹೇಳುತ್ತದೆ. ವಿಎಫ್‌ಡಿ (ಮೋಟರಿನ ವೇಗ ಬದಲಿಸುವ ಡ್ರೈವ್) ಇರುವ ಗಿರಣಿಯವರು ಕೆಪಾಸಿಟರ್ ಹೆಚ್ಚಿಸುವ ಮೊದಲು ಒಂದು ಲೆಕ್ಕ ಮಾಡಲೇಬೇಕು. 250 ಕೆವಿಎ ಟ್ರಾನ್ಸ್‌ಫಾರ್ಮರಿನ ಇಂಪೀಡೆನ್ಸ್ ಶೇ 4.5 ಇದ್ದರೆ 250 ಭಾಗಿಸು 0.045, ಸುಮಾರು 5,555. ಅದನ್ನು ಕೆಪಾಸಿಟರಿನ ಕೆವಿಎಆರ್‌ನಿಂದ, ಉದಾಹರಣೆಗೆ 110ರಿಂದ, ಭಾಗಿಸಿ ವರ್ಗಮೂಲ ತೆಗೆಯಿರಿ. 7.1 ಬರುತ್ತದೆ, ಅನುರಣನವಾಗುವ ಹಾರ್ಮೋನಿಕ್ ಎಷ್ಟನೆಯದು ಎಂಬುದು ಇದು. ಸಾಮಾನ್ಯ ವಿಎಫ್‌ಡಿ ಹೊರಹಾಕುವುದು ಮುಖ್ಯವಾಗಿ ಐದನೇ ಮತ್ತು ಏಳನೇ ಹಾರ್ಮೋನಿಕ್. ಅಂದರೆ ಅನುರಣನ ಸರಿಯಾಗಿ ಏಳನೆಯದರ ಹತ್ತಿರವೇ ಬಂದು ಕೂರುತ್ತದೆ, ಕೆಪಾಸಿಟರ್ ಉಬ್ಬುತ್ತದೆ. ರಿಯಾಕ್ಟರ್ ಜೊತೆಗಿರುವ ಕೆಪಾಸಿಟರ್ ಕೇಳಿ.

ಇನ್ನು ದೂರಿನ ದಾರಿ, ಚುಟುಕಾಗಿ. ತೊಂದರೆ ಲೈನಿನದೇ ಎಂದು ಖಚಿತವಾದರೆ ಏಳು ದಿನದ ವೋಲ್ಟೇಜ್ ಗ್ರಾಫ್, ಸ್ಯಾಗ್ ಪಟ್ಟಿ, ಫೇಸರ್ ಫೋಟೊ, ಕ್ಯಾಲಿಬ್ರೇಷನ್ ಪ್ರತಿ ಇಷ್ಟನ್ನು ನಿಮ್ಮ ಸೆಕ್ಷನ್ನಿನ ಎಇ (ಸಹಾಯಕ ಎಂಜಿನಿಯರ್) ಕಚೇರಿಗೆ ಕೊಡಿ. ಅರ್ಜಿ ತೆಲುಗಿನಲ್ಲಿದ್ದರೆ ಕೆಲಸ ಬೇಗ ಸಾಗುತ್ತದೆ. ಸರ್ವಿಸ್ ನಂಬರ್, ಟ್ರಾನ್ಸ್‌ಫಾರ್ಮರ್ ಗುರುತು, ದಿನಾಂಕ, ಗಳಿಗೆ ಬರೆಯಿರಿ. ಪರಿಹಾರ ಸಿಗದಿದ್ದರೆ ಗ್ರಾಹಕರ ಕುಂದುಕೊರತೆ ಪರಿಹಾರ ವೇದಿಕೆ, ಅದರ ಮೇಲೆ ವಿದ್ಯುತ್ ಓಂಬುಡ್ಸ್‌ಮನ್. ಎರಡಕ್ಕೂ 2003ರ ಕಾಯ್ದೆಯ 42ನೇ ಕಲಂ ಅವಕಾಶ ಕೊಟ್ಟಿದೆ. ಸ್ವೀಕೃತಿ ಮುದ್ರೆ ಹಾಕಿಸಿದ ಪ್ರತಿ ನಿಮ್ಮ ಕೈಯಲ್ಲಿರಲಿ.